ಗುರುಬಸವ್ವನ ಎಡಗೈ

ವಿಜಾಪುರದ ಒಂದು ದವಾಖಾನೆಯಲ್ಲಿ ಅಂಬಾದಾಸ ಎಂಬ ವಾರ್ಡಬಾಯ್ ಇದ್ದ. ಎಲ್ಲರೂ ಅವನನ್ನು ಕಸರತ್ತಿನ ಅಂಬಾದಾಸ ಎನ್ನುತ್ತಿದ್ದರು. ಹೆಸರು ಕೇಳಿ ಗರಡಿಮನೆಯ ಪೈಲವಾನನನ್ನು ಹುಡುಕಿಕೊಂಡು ಬಂದವರು ಮೋಸಹೋಗುತ್ತಿದ್ದರು. ಒಣಕಲು ಮೈ, ಮೊಳಕಾಲ ಮೇಲೆ ನಿಲ್ಲುವ ಖಾಕಿ ಚಡ್ಡಿ, ಕೈಯಲ್ಲಿ ಫಿನೈಲಿನ ಬಕೆಟ್ಟು, ಇಷ್ಟೇ ಅಂಬಾದಾಸ. ಇಂಥವನ ಬಗ್ಗೆ ಹೇಳುವುದೇನಿದೆ ಎನ್ನುವವರು ಅನ್ನಲಿ. ದೊಡ್ಡವರ ಬಗ್ಗೆ ಹೇಳಲು ಊರ ತುಂಬ ಜನ ಇದ್ದಾರೆ, ಅವರಿಗೆ ಹಾರ ತುರಾಯಿಗಳಿಗೂ ಕೊರತೆಯಿಲ್ಲ. ಈ ಮನುಷ್ಯ ಒಂದು ಹೊಸ್ತಿಲ ಮುಂದೆ ಒಂದು ಗಳಿಗೆ ತಡೆದು ನಿಂತ. ಆ ಗಳಿಗೆ ಅವನನ್ನು ಆಮೇಲೆ ಬಿಡಲೇ ಇಲ್ಲ.

ಅವನು ಅರಕೇರಿಯವನು, ಊರ ಹೊರಗಿನ ಓಣಿಯವನು. ಅಪ್ಪ ಗೊಲ್ಲಾಳಪ್ಪ ಊರಿನ ಸತ್ತ ದನ ಎಳೆದು ಹಾಕುತ್ತಿದ್ದ. ಆ ಕೆಲಸ ತನ್ನ ಕೊರಳಿಗೆ ಬೀಳುವ ಮೊದಲೇ ಅಂಬಾದಾಸ ವಿಜಾಪುರಕ್ಕೆ ಓಡಿಬಂದು ದವಾಖಾನೆಯಲ್ಲಿ ಕಸ ಹೊಡೆಯುವುದಕ್ಕೆ ಸೇರಿದ. ಸಾವಿರದ ಒಂಬೈನೂರ ಐವತ್ತೇಳರಲ್ಲಿ ಓಣಿಯ ನಾಲ್ಕು ಮಂದಿಯ ಜೊತೆ ಸೋಲಾಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದ. ಬಂದ ದಿನವೇ ಹೆಂಡತಿ ಚಂದ್ರಾಬಾಯಿ ಜಗುಲಿಯ ಮೇಲಿನ ದೇವರುಗಳನ್ನೆಲ್ಲ ಬುಟ್ಟಿಯಲ್ಲಿ ತುಂಬಿ ಹಾಳು ಬಾವಿಗೆ ಹಾಕಿ ಕೈ ತೊಳೆದುಕೊಂಡಳು. ಅವಳ ಕೆಲಸವೆಲ್ಲ ಹಾಗೆ, ಒಂದೇ ಏಟಿಗೆ ಎರಡು ತುಂಡು. ಅಂಬಾದಾಸ ಅಂಥವನಲ್ಲ. ಅವನು ಮನಸ್ಸಿನಲ್ಲಿ ಮಾಡಿಕೊಂಡದ್ದು ಒಂದೇ ನೇಮ: ಇನ್ನು ಮೇಲೆ ಯಾರಾದರೂ ಯಾರ ಪೈಕಿ ಎಂದು ಕೇಳಿದರೆ ಸುಳ್ಳು ಹೇಳುವುದಿಲ್ಲ, ತಾನಾಗಿ ಹೇಳಿಕೊಂಡು ತಿರುಗುವುದೂ ಇಲ್ಲ.

ಐವತ್ತೊಂಬತ್ತರ ಚಳಿಗಾಲದಲ್ಲಿ ವಿಲಾಯತಿಯಿಂದ ಒಬ್ಬ ಬಾಯಿ ಬಂದಳು. ಉದ್ದನೆಯ ಕಾಲಿನ, ಮೂಗು ಸದಾ ಕೆಂಪಗಿರುತ್ತಿದ್ದ ಹೆಂಗಸು. ಔಷಧಿ ಕೊಡುವವಳಲ್ಲ, ಸೂಜಿ ಚುಚ್ಚುವವಳೂ ಅಲ್ಲ. ಕಾಲು ಸೊರಗಿದ ಮಕ್ಕಳಿಗೆ, ಲಕ್ವಾ ಹೊಡೆದು ಅರ್ಧ ಮೈ ಬಿದ್ದುಹೋದವರಿಗೆ ಕೈಕಾಲು ಆಡಿಸಿ ಮತ್ತೆ ಎಬ್ಬಿಸುವುದು ಅವಳ ವಿದ್ಯೆ. ಜನ ಅವಳಿಗೆ ಕಸರತ್ತಿನ ಬಾಯಿ ಎಂದು ಹೆಸರಿಟ್ಟರು. ಅವಳಿಗೆ ಒಬ್ಬ ಸಹಾಯಕ ಬೇಕಾಗಿದ್ದ. ಕಂಪೌಂಡರನೂ ಡ್ರೆಸಿಂಗಿನವನೂ ಒಲ್ಲೆ ಎಂದರು, ಕಂಡವರ ಕಾಲು ಹಿಡಿಯುವುದು ಯಾರಿಗೆ ಬೇಕು? ಅಂಬಾದಾಸನನ್ನು ಯಾರೂ ಕೇಳಲಿಲ್ಲ, ಮುಂದಕ್ಕೆ ನೂಕಿದರು. ಹೀಗೆ ಒಂದು ವಿದ್ಯೆ ಅವನ ಕೈಗೆ ಬಂತು.

ಬಾಯಿ ಮುರುಕು ಮರಾಠಿಯಲ್ಲಿ ಕಲಿಸುತ್ತಿದ್ದಳು. ಲಕ್ವಾ ಹೊಡೆದ ಕೈಯ ಭುಜದ ಕೀಲು ಸಡಿಲಾಗಿರುತ್ತದೆ, ಅದನ್ನು ಮುಂಗೈ ಹಿಡಿದು ಎಳೆಯಲೇಬಾರದು. ಒಂದು ಕೈ ರೋಗಿಯ ಬಗಲಿಗೆ ಕೊಟ್ಟು ಭುಜ ಹೊತ್ತುಕೊಳ್ಳಬೇಕು, ಇನ್ನೊಂದು ಕೈಯಿಂದ ಮೆಲ್ಲಗೆ ಎತ್ತಬೇಕು. "ಎಳೇ ಕೂಸಿನ ಕುತ್ತಿಗಿ ಹಿಡಿದಂಗ್ರಿ ಬಾಯಾರ?" ಎಂದು ಅಂಬಾದಾಸ ಕೇಳಿದಾಗ ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಆಮೇಲೆ ಅವಳೂ ಎಲ್ಲರಿಗೂ ಹಾಗೇ ಹೇಳತೊಡಗಿದಳು. ಏಕ, ದೋನ, ತೀನ ಎಂದು ದಹಾತನಕ ಎಣಿಕೆ. ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಹನ್ನೊಂದನೆಯದು ಇಲ್ಲ.

ಊಟದ ಹೊತ್ತಿನಲ್ಲಿ ಅವಳು ತನ್ನ ದೇಶದ ಮಾತು ತೆಗೆಯುತ್ತಿದ್ದಳು. ಅಲ್ಲಿ ಇದಕ್ಕೆಂದೇ ದೊಡ್ಡ ಕಟ್ಟಡ ಇದೆಯಂತೆ. ಹಿಡಿದುಕೊಂಡು ನಡೆಯಲು ಕಂಬಿಗಳು, ಒಂದೇ ಕೈಯಲ್ಲಿ ಚಹಾ ಕಾಸುವುದನ್ನು ಕಲಿಯಲು ಒಂದು ಅಡಿಗೆಮನೆ, ಹತ್ತಿ ಇಳಿದು ಅಭ್ಯಾಸ ಮಾಡಲು ನಾಲ್ಕು ಮೆಟ್ಟಿಲು.

"ಆ ಮೆಟ್ಟಲಾ ಎಲ್ಲಿಗೆ ಹೋಗ್ತಾವ್ರಿ?" ಎಂದು ಅಂಬಾದಾಸ ಕೇಳಿದ.

ಎಲ್ಲಿಗೂ ಇಲ್ಲ ಎಂದಳು. ಎಲ್ಲಿಗೂ ಹೋಗದ ಮೆಟ್ಟಿಲು ಕಟ್ಟುವಷ್ಟು ಇಟ್ಟಂಗಿ ಇರುವ ದೇಶ ಎಂದು ಅವನು ಬೆರಗಾದ. ಆದರೆ ಬಡಿಗನ ಕಡೆಯಿಂದ ಕಟ್ಟಿಗೆಯ ಮೂರು ಮೆಟ್ಟಿಲು ಮಾಡಿಸಿಯೂ ಬಿಟ್ಟ. ಬಾವಿಯ ಹಳೇ ಗಡಗಡಿ ತಂದು ತೊಲೆಗೆ ಕಟ್ಟಿ, ಸೊರಗಿದ ಕಾಲು ಎತ್ತಿ ಆಡಿಸಲು ಹಗ್ಗ ಇಳಿಬಿಟ್ಟ. ದವಾಖಾನೆಯ ಮೂಲೆಯ ಕೋಣೆ ಕಸರತ್ತಿನ ಕೋಣೆಯಾಯಿತು.

ಮುಂದಿನ ವರ್ಷ ಬಾಯಿಯ ಅವಧಿ ಮುಗಿದು ಅವಳು ಹೊರಟುಹೋದಳು. ಕೋಣೆಗೆ ಒಬ್ಬ ಕಲಿತ ಮನುಷ್ಯನನ್ನು ಕೊಡಿ ಎಂದು ಡಾಕ್ಟರು ಅರ್ಜಿ ಬರೆದರು. ವಿಜಾಪುರ ಮುಂಬೈ ಸರಕಾರದಿಂದ ಮೈಸೂರು ಸರಕಾರಕ್ಕೆ ಬಂದು ನಾಲ್ಕು ವರ್ಷವಾಗಿತ್ತು, ಕಾಗದಪತ್ರಗಳು ಇನ್ನೂ ಬಂದು ಮುಟ್ಟಿರಲಿಲ್ಲ. ಅಲ್ಲಿ ಕೇಳಿದರೆ ಇಲ್ಲಿ ಕೇಳಿ ಅಂದರು, ಇಲ್ಲಿ ಕೇಳಿದರೆ ಇಂಥ ಹುದ್ದೆಯೇ ಇಲ್ಲ ಅಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಹಾಗೆ. ಅಷ್ಟರಲ್ಲಿ ಮಲೇರಿಯಾದ ಮಂದಿ ಬಂದು ಡಿಡಿಟಿ ಪುಡಿಯ ಚೀಲ ಇಡಲು ಜಾಗ ಕೇಳಿದರು. ಮೂಲೆಯ ಕೋಣೆ ಖಾಲಿ ಇತ್ತಲ್ಲ. ಅಂಬಾದಾಸನ ಮೂರು ಮೆಟ್ಟಿಲು ಹತ್ತಿ ಅವರು ಮೇಲಿನ ಚೀಲ ಇಳಿಸತೊಡಗಿದರು. ಕೊನೆಗೂ ಆ ಮೆಟ್ಟಿಲು ಎಲ್ಲಿಗೋ ಹೋದವು.

ಆದರೂ ಅಂಬಾದಾಸ ಬಿಡಲಿಲ್ಲ. ಪಾಳಿ ಮುಗಿದ ಮೇಲೆ ವರಾಂಡದಲ್ಲಿ ಚಾಪೆ ಹಾಸಿ ಒಬ್ಬಿಬ್ಬರಿಗೆ ಕೈಕಾಲು ಆಡಿಸುತ್ತಿದ್ದ. ಲಕ್ವಾ ಹೊಡೆದ ಬಿಜ್ಜರಗಿಯ ಕುರಿ ಕಾಯುವ ಶಂಕ್ರೆಪ್ಪನನ್ನು ಅವನ ಮನೆಯವರು ಗಾಳಿ ಸೋಕಬಾರದೆಂದು ನಲವತ್ತು ದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಮಲಗಿಸಿ, ಪಾರಿವಾಳದ ರಕ್ತ ಹಚ್ಚಿ, ಇನ್ನಾಗದು ಎಂದು ಇಲ್ಲಿ ತಂದು ಹಾಕಿದ್ದರು. ಮೂರು ತಿಂಗಳಾದ ಮೇಲೆ ಶಂಕ್ರೆಪ್ಪ ಟಿಕೋಟಾದಲ್ಲಿ ಬಸ್ಸು ಇಳಿದು, ಕೋಲು ಊರಿಕೊಂಡು, ತನ್ನ ಕಾಲ ಮೇಲೆ ತಾನು ಊರು ಸೇರಿದ. ಸುದ್ದಿ ಟಿಕೋಟಾದ ಸಂತೆಯಲ್ಲಿ ಹಬ್ಬಿತು. ಅಂಬಾದಾಸನ ಬಾಳಿನಲ್ಲಿ ಹಿಗ್ಗಿದ್ದು ಅಂತ ಇದ್ದರೆ ಅದು ಆ ತಿಂಗಳು.

ಅರವತ್ತೆರಡರಲ್ಲಿ ಬಬಲೇಶ್ವರದಿಂದ ಗುರುಬಸವ್ವನನ್ನು ಕರೆತಂದರು. ಅಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ ಅಮರಪ್ಪನ ಹೆಂಡತಿ, ನಲವತ್ತು ದಾಟಿದ ಲಿಂಗವಂತರ ಹೆಣ್ಣುಮಗಳು. ಹಿಟ್ಟು ಸಾಣಿಸುತ್ತಿದ್ದಾಗ ಎಡಭಾಗಕ್ಕೆ ಲಕ್ವಾ ಹೊಡೆದಿತ್ತು. ಮಾತು ತುಸು ತೊದಲುತ್ತಿತ್ತು, ಅಷ್ಟೇ. ಬಲಗೈ ಗಟ್ಟಿಯಾಗಿತ್ತು, ಎಡಗಾಲು ಎಳೆದುಕೊಂಡಾದರೂ ಬರುತ್ತಿತ್ತು. ಎಡಗೈ ಮಾತ್ರ ಮುಷ್ಟಿ ಕಟ್ಟಿ ಎದೆಗೆ ಅಂಟಿಕೊಂಡಿತ್ತು. ನೋಡಲು ಬಂದವರೆಲ್ಲ ಅವಳಿಗೆ ಒಂದೇ ಸಮಾಧಾನ ಹೇಳುತ್ತಿದ್ದರು: ಹೋದದ್ದು ಎಡಗೈ ಅಲ್ಲೇನು, ಬಲಗೈ ಉಳಿಯಿತಲ್ಲ, ಶಿವ ದೊಡ್ಡವನು. ಅಂಬಾದಾಸನೂ ಅದನ್ನೇ ಹೇಳಿದ.

"ಬಲಗೈ ಛಲೋ ಐತೆಲ್ರಿ ಅಕ್ಕಾರ. ರೊಟ್ಟಿ ಬಡೀಬಹುದು, ಉಣ್ಣಬಹುದು."

ಗುರುಬಸವ್ವ ಅವನನ್ನು ದಿಟ್ಟಿಸಿ ನೋಡಿದಳು. "ರೊಟ್ಟಿ ಯಾರರೆ ಬಡದ ಹಾಕ್ತಾರ ತಮ್ಮಾ. ನನ್ನ ಲಿಂಗಾ ಯಾರ ಹಿಡೀತಾರ?"

ಆಗ ಅವನಿಗೆ ತಿಳಿಯಿತು. ದಿನಾ ಸ್ನಾನವಾದ ಮೇಲೆ ಕೊರಳ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು ಬಲಗೈಯಿಂದ ಪೂಜೆ ಮಾಡಬೇಕು. ಆಮೇಲೆಯೇ ಬಾಯಿಗೆ ನೀರು. ಏಳನೆಯ ವರ್ಷದಿಂದ ಒಂದು ದಿನ ತಪ್ಪದೆ ನಡೆದದ್ದು. ಗಂಡ ತನ್ನ ಅಂಗೈ ಚಾಚಿದ್ದ, ಅವಳು ಒಲ್ಲೆ ಎಂದಿದ್ದಳು. ಕೊರಳಿಗೆ ಕಟ್ಟಿದ ಲಿಂಗ ಕಟ್ಟಿಕೊಂಡವರ ಕೈಯಲ್ಲೇ ಕೂಡಬೇಕು, ಅದು ಸಾಲ ಕೊಡುವ ಪಾತ್ರೆಯಲ್ಲ. ಲಕ್ವಾ ಹೊಡೆದ ದಿನದಿಂದ ಅವಳು ದವಾಖಾನೆಯ ಹಾಲನ್ನು ಔಷಧಿಯೆಂದು ಕಣ್ಣು ಮುಚ್ಚಿ ಕುಡಿಯುತ್ತಿದ್ದಳು. ರೊಟ್ಟಿ ಮುಟ್ಟಿರಲಿಲ್ಲ.

"ಹಾಲ ಕುಡದ್ರೂ ಬೂದಿ ತಿಂದಂಗ ಆಗ್ತೈತಿ ತಮ್ಮಾ. ನನಗ ಈ ಕೈ ಬೇಕು. ಬರೇ ಅಂಗೈ ತೆರದ್ರ ಸಾಕು, ಮತ್ತೇನೂ ಕೇಳಂಗಿಲ್ಲ."

ಹದಿನೈದು ದಿನ ಅಂಬಾದಾಸ ಆ ಕೈಯನ್ನು ಹಿಡಿದ. ಬಿಸಿನೀರಿನ ಅರಿವೆ ಸುತ್ತಿ, ಬಗಲಿಗೆ ಕೈ ಕೊಟ್ಟು, ಏಕ, ದೋನ, ತೀನ. ಮೊದಲು ಮಣಿಕಟ್ಟು ಸಡಿಲಾಯಿತು. ಆಮೇಲೆ ಹೆಬ್ಬೆರಳು. ಹದಿಮೂರನೆಯ ದಿನ ಐದೂ ಬೆರಳು ಬಿಚ್ಚಿ ಒಂದಿಷ್ಟು ಹೊತ್ತು ಹಾಗೇ ನಿಂತವು. ಗುರುಬಸವ್ವ ಅವಸರದಿಂದ ಕರಡಿಗೆ ತೆಗೆದು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಳು. ಹತ್ತು ಉಸಿರು ಎಣಿಸುವಷ್ಟು ಹೊತ್ತು ಅದು ಅಲ್ಲಿ ಕೂತಿತು. ಆಮೇಲೆ ಬೆರಳು ಮುಚ್ಚಿಕೊಂಡವು. ಆವತ್ತು ಅವಳು ಅರ್ಧ ರೊಟ್ಟಿ ತಿಂದಳು, ತಿನ್ನುತ್ತ ಅತ್ತಳು. ಅವಳ ಕಣ್ಣೀರು ನೋಡಿ ಅಂಬಾದಾಸ ಫಿನೈಲಿನ ಬಕೆಟ್ಟು ಎಲ್ಲಿಟ್ಟೆ ಎಂದು ಹುಡುಕುವವನ ಹಾಗೆ ಹೊರಗೆ ಹೋದ.

ಮಂಚ ಬೇರೆಯವರಿಗೆ ಬೇಕಾಗಿತ್ತು. ಹದಿನಾರನೆಯ ದಿನ ಡಾಕ್ಟರು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದರು. ಅಮರಪ್ಪ ಅಂಬಾದಾಸನ ಎರಡೂ ಕೈ ಹಿಡಿದುಕೊಂಡ.

"ನೀ ಐತವಾರಕ್ಕೊಮ್ಮಿ ನಮ್ಮೂರಿಗೆ ಬಾರಪ್ಪಾ. ಆಕಿ ಕೈ ನಿನಗ ತಿಳೀತೈತಿ."

ಇದನ್ನು ಅವನು ಮನಸಾರೆ ಹೇಳಿದ್ದ. ದವಾಖಾನೆಯಲ್ಲಿ ಯಾರೂ ಯಾರ ಪೈಕಿ ಎಂದು ಕೇಳಿರಲಿಲ್ಲ. ನೋವು ಜೋರಾಗಿದ್ದಾಗ ಮನುಷ್ಯರಿಗೆ ಆ ಪ್ರಶ್ನೆ ನೆನಪಾಗುವುದಿಲ್ಲ. ಮನೆ ಸೇರಿದ ಮೇಲೆ ನೆನಪಾಗುತ್ತದೆ.

ಮೊದಲ ಐತವಾರ ಅಂಬಾದಾಸ ತೊಳೆದ ಅಂಗಿ ಹಾಕಿಕೊಂಡು ಬಬಲೇಶ್ವರಕ್ಕೆ ಹೋದ. ಅಮರಪ್ಪನ ಮನೆಯ ಮುಂದೆ ಅಂಗಳ, ಅಂಗಳದ ಆಚೆ ಕಟ್ಟೆ, ಕಟ್ಟೆಯ ಹಿಂದೆ ಪಡಸಾಲೆಯ ಬಾಗಿಲು. ಕಟ್ಟೆಯ ಮೇಲೆ ಈರಯ್ಯ ಕೂತಿದ್ದ. ಆ ಮನೆಯ ಗುರು, ಮದುವೆ ಮಣ್ಣು ಎಲ್ಲ ಅವನ ಕೈಯಿಂದಲೇ. ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ಈ ಕಥೆ ಎಷ್ಟೋ ಸುಲಭವಾಗುತ್ತಿತ್ತು, ಅವನನ್ನು ಬೈದು ಕೈ ತೊಳೆದುಕೊಳ್ಳಬಹುದಾಗಿತ್ತು.

"ಬಾರಪ್ಪಾ. ನಿನ್ನ ಹೆಸರ ಭಾಳ ಕೇಳೇನಿ. ಯಾ ಊರು? ಯಾರ ಪೈಕಿ?"

ಚಪ್ಪಲಿ ಬಿಟ್ಟು ಕಟ್ಟೆಗೆ ಕಾಲಿಡಲಿದ್ದ ಅಂಬಾದಾಸ ನಿಂತ. ಅವನಿಗೆ ತನ್ನ ನೇಮ ಇತ್ತಲ್ಲ.

"ಅರಕೇರಿರಿ ಅಯ್ಯಾರ. ಊರ ಹೊರಗಿನ ಓಣ್ಯಾವ. ಈಗ ಬೌದ್ಧರು ಆಗೇವ್ರಿ."

ಯಾರೂ ಒದರಲಿಲ್ಲ, ಯಾರೂ ಬೈಯಲಿಲ್ಲ. ಅಮರಪ್ಪ ನೆಲ ನೋಡಿದ. ಈರಯ್ಯ ಬಹಳ ಮೆತ್ತಗೆ ಹೇಳಿದ.

"ಖರೇ ಹೇಳಿದಿ, ಭಾಳ ಛಲೋ ಆತು. ಹಂಗಂದ್ರ ಅಂಗಳದಾಗ ನಿಂತ ತೋರಸಪ್ಪಾ. ಅಮರಪ್ಪ ನೋಡಿ ಮಾಡ್ತಾನ. ವಿದ್ಯಾ ಅಂಬೂದು ನೋಡಿದ್ರ ಬರ್ತೈತಿ."

ನಮ್ಮ ಕಡೆ ಅವಮಾನವನ್ನೂ ಮರ್ಯಾದೆಯ ತಟ್ಟೆಯಲ್ಲಿಟ್ಟೇ ಕೊಡುತ್ತಾರೆ, ತೆಗೆದುಕೊಂಡವನು ಉಪಕಾರ ಎನ್ನಬೇಕು. ಶರಣರು ಕುಲ ಕೇಳಲಿಲ್ಲ ಎಂದು ಅದೇ ಈರಯ್ಯ ಶ್ರಾವಣದಲ್ಲಿ ತಿಂಗಳುಗಟ್ಟಲೆ ಪುರಾಣ ಹೇಳುತ್ತಿದ್ದ. ಅದು ಪುರಾಣದ ಮಾತಾಯಿತು.

ಅಷ್ಟರಲ್ಲಿ ಒಳಗಿನಿಂದ ಗುರುಬಸವ್ವನ ದನಿ ಬಂತು. ಅವಳನ್ನು ಪಡಸಾಲೆಯಲ್ಲಿ, ಬಾಗಿಲಿಗೆ ಎದುರಾಗಿ, ಕೌದಿಯ ಮೇಲೆ ಕೂಡಿಸಿದ್ದರು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಒಳಗ ಬಾ ತಮ್ಮಾ. ಹದಿನೈದ ದಿನಾ ಈ ಕೈ ಹಿಡದಿದಿ. ಇವತ್ತೇನ ಹೊಸಾದು? ಬಾ ಒಳಗ."

ಈರಯ್ಯನಾಗಲಿ ಅಮರಪ್ಪನಾಗಲಿ ಬಾ ಎನ್ನಲಿಲ್ಲ, ಬ್ಯಾಡ ಎಂದೂ ಅನ್ನಲಿಲ್ಲ. ಬಾಗಿಲು ತೆರೆದೇ ಇತ್ತು. ಅಂಗಳದಿಂದ ಕಟ್ಟೆಗೆ ಎರಡು ಹೆಜ್ಜೆ, ಕಟ್ಟೆಯಿಂದ ಹೊಸ್ತಿಲಿಗೆ ಒಂದು. ಅಂಬಾದಾಸನ ಬಲಗಾಲು ಕಟ್ಟೆಯ ಮೇಲೆ ಬಂದೂ ಆಗಿತ್ತು. ಆ ಗಳಿಗೆಯಲ್ಲಿ ಅವನಿಗೆ ನೆನಪಾದದ್ದು ಸಾರವಾಡದಲ್ಲಿದ್ದ ಸೋದರಮಾವ ರಾಯಪ್ಪ. ರಾಯಪ್ಪ ದುಡಿಯುತ್ತಿದ್ದುದು ಈ ಅಮರಪ್ಪನ ಬೀಗರ ಹೊಲದಲ್ಲಿ, ಅವನ ಓಣಿಗೆ ನೀರು ಬರುತ್ತಿದ್ದುದು ಅವರ ಬಾವಿಯಿಂದ. ಇವನೊಬ್ಬ ಹೊಸ್ತಿಲು ದಾಟಿ ಬಸ್ಸು ಹತ್ತಿ ಹೋಗಿಬಿಡುತ್ತಾನೆ, ನಾಳೆ ಬಾವಿ ಬಂದಾದರೆ ಖಾಲಿ ಕೊಡ ಹಿಡಿದುಕೊಂಡು ನಿಲ್ಲುವವರು ಅವರು. ಹಾಗೆಂದು ಅವನು ಆಮೇಲೆ ತನಗೆ ತಾನೇ ಎಷ್ಟು ಸಲ ಹೇಳಿಕೊಂಡನೋ. ಸುಳ್ಳೇನಲ್ಲ ಅದು. ಆದರೆ ಎಲ್ಲರ ಮುಖ ನೋಡಿ ತನ್ನ ಕಾಲು ತಾನಾಗಿ ಕೆಳಗಿಳಿಯಿತು ಎಂಬುದೂ ಸುಳ್ಳಲ್ಲ.

"ಇರಲಿರಿ ಅಕ್ಕಾರ," ಎಂದ. "ಇಲ್ಲಿಂದನ ತೋರಸ್ತೀನಿ."

ಗುರುಬಸವ್ವ ಮತ್ತೆ ಕರೆಯಲಿಲ್ಲ.

ಅವನು ಅಂಗಳದಲ್ಲಿ ನಿಂತು ತೋರಿಸಿದ. ತನ್ನ ಎಡಗೈಯನ್ನೇ ರೋಗಿಯ ಕೈ ಎಂದು ಜೋತುಬಿಟ್ಟು ಬಲಗೈಯಿಂದ ಎತ್ತಿದ. ಅಲ್ಲಿಗೆ ಅವನ ಕೈಗಳು ಮುಗಿದವು. ಬಗಲಿಗೆ ಕೊಡಬೇಕಾದ ಕೈ ಎಲ್ಲಿಂದ ಬರಬೇಕು? ಒಬ್ಬ ಮನುಷ್ಯ ತನ್ನ ಮೈಮೇಲೆ ಈ ವಿದ್ಯೆ ತೋರಿಸಲು ಮೂರು ಕೈ ಬೇಕು. ಹಾಗಾಗಿ ಎತ್ತುವುದನ್ನು ತೋರಿಸಿದ, ಭುಜ ಹೊರುವುದನ್ನು ಬಾಯಿಂದ ಹೇಳಿದ.

"ಬಗಲಿಗೆ ಕೈ ಕೊಡ್ರಿ ಸಾವಕಾರ್ರ. ಕೂಸಿನ ಕುತ್ತಿಗಿ ಹಿಡಿದಂಗ. ಜಗ್ಗಬ್ಯಾಡ್ರಿ. ಹತ್ತ ಸಲ, ಹೆಚ್ಚಿಗಿ ಬ್ಯಾಡ."

"ಹೂಂ, ಹೂಂ," ಎಂದು ಅಮರಪ್ಪ ಒಳಗೆ ಹೋಗಿ ಹೆಂಡತಿಯ ಎದುರು ಕೂತು, ಆಗಾಗ ಹೊರಳಿ ನೋಡುತ್ತ ತಲೆ ಆಡಿಸಿದ. ಅವನು ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ. ಅವನ ಕೈ ಎಲ್ಲಿದೆ ಎಂಬುದು ಅಂಗಳಕ್ಕೆ ಕಾಣುತ್ತಿರಲಿಲ್ಲ.

ಮುಂದಿನ ಎರಡು ಐತವಾರ ವಿಜಾಪುರದಲ್ಲಿ ವಾಂತಿಭೇದಿ ಎದ್ದು ದವಾಖಾನೆಯಲ್ಲಿ ಯಾರಿಗೂ ರಜೆ ಸಿಗಲಿಲ್ಲ. ಮೂರನೆಯ ಐತವಾರ ಹೋದಾಗ ಅಮರಪ್ಪ ಅಂಗಳದಲ್ಲೇ ಎದುರಾದ. ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು.

"ನೀ ಹತ್ತ ಸಲ ಅಂದಿದ್ದಿ. ಹತ್ತರಾಗ ಏನಾಗ್ತೈತಿ ಅಂದ್ರು ಅಯ್ಯಾರು. ಮುಂಜಾನಿ ನೂರಾ ಎಂಟ, ಸಂಜಿಕ ನೂರಾ ಎಂಟ, ಮಂತ್ರಾ ಅನಕೋತ ಜಗ್ಗೀನಿ. ಒಂದ ದಿನಾ ತಪ್ಪಿಸಿಲ್ಲ. ನನ್ನ ಕೈಲೆ ಆಗೂದನ್ನ ಎಲ್ಲಾ ಮಾಡೀನಿ."

ನೂರಾ ಎಂಟು. ದೇವರ ಹೆಸರನ್ನು ಅಷ್ಟು ಸಲ ಹೇಳಿದರೆ ಪುಣ್ಯ ಬರುವುದಾದರೆ ಕೈಯನ್ನು ಅಷ್ಟು ಸಲ ಎಳೆದರೆ ಜೀವ ಬಾರದೆ? ಈರಯ್ಯ ಒಳ್ಳೆಯದಕ್ಕೇ ಹೇಳಿದ್ದ. ಅಮರಪ್ಪ ಪ್ರೀತಿಯಿಂದಲೇ ಮಾಡಿದ್ದ. ಬೆಲ್ಲದ ಪೆಂಟೆ ಎತ್ತುವ ಕೈ ಅದು, ಮುಂಗೈ ಹಿಡಿದು ಹದಿನೈದಿಪ್ಪತ್ತು ದಿನ ಎಳೆದಿತ್ತು. ಪಡಸಾಲೆಯಲ್ಲಿ ಗುರುಬಸವ್ವ ಅಂಗಾತ ಮಲಗಿ ಮುಖವನ್ನು ಗೋಡೆಗೆ ತಿರುಗಿಸಿದ್ದಳು. ಎಡಭುಜದ ಎಲುಬಿನ ಕೆಳಗೆ ಎರಡು ಬೆರಳು ಹಿಡಿಸುವಷ್ಟು ಗುಣಿ ಬಿದ್ದದ್ದು ಅಂಗಳದಿಂದಲೇ ಕಾಣುತ್ತಿತ್ತು. ಕೀಲು ಇಳಿದಿತ್ತು. ಕೈ ಬಾತು ಹೊಳೆಯುತ್ತಿತ್ತು, ಮುಷ್ಟಿ ಕಲ್ಲಾಗಿತ್ತು.

"ಅಕ್ಕಾರ," ಎಂದು ಕರೆದ.

ಅವಳು ಹೊರಳಲಿಲ್ಲ. "ಮೊದಲ ಈ ಕೈ ಸತ್ತಿತ್ತು ತಮ್ಮಾ. ಈಗ ಉರ್ಯಾಕತ್ತೈತಿ. ಸತ್ತಿದ್ದ ಛಲೋ ಇತ್ತು."

ಅಂಬಾದಾಸ ಅಮರಪ್ಪನ ಕಡೆ ತಿರುಗಿದ. "ಸಾವಕಾರ್ರ, ನಾ ಒಮ್ಮಿ ಒಳಗ ಬಂದು ಮುಟ್ಟಿ ನೋಡ್ತೀನ್ರಿ. ಒಮ್ಮಿ ಅಷ್ಟ."

ಇವತ್ತು ಕೇಳಿದ. ಇವತ್ತು ಕೇಳಲು ಬಾಯಿ ಬಂತು. ಅಮರಪ್ಪ ತೋಳಿನಿಂದ ಕಣ್ಣು ಒರೆಸಿಕೊಂಡ.

"ಇನ್ನೇನ ನೋಡ್ತಿ? ಯಾರರೆ ಮುಟ್ಟಿದ್ರ ಚೀರ್ತಾಳ. ನಿನ್ನ ಮಾತ ಕೇಳಿ ಹಿಂಗಾತು. ಹೋಗಪ್ಪಾ, ಬರಬ್ಯಾಡ ಇನ್ನ."

ಅವನು ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ನಡೆದ. ಮನೆಗೆ ಬಂದು ಚಂದ್ರಾಬಾಯಿಗೆ ಎಲ್ಲ ಹೇಳಿದ. ಅವರು ಒಳಗೆ ಬಿಡಲಿಲ್ಲ, ಅದಕ್ಕೇ ಹೀಗಾಯಿತು ಎಂದು ಕೊನೆಯಲ್ಲಿ ಸೇರಿಸಿದ. ಚಂದ್ರಾಬಾಯಿ ಒಲೆಯಿಂದ ತಲೆ ಎತ್ತಿದಳು.

"ಅವರು ಬಿಡಲಿಲ್ಲ ಅನ್ನಬ್ಯಾಡ. ಕೈ ಯಾರದು? ಆಕೀದು. ಆಕಿ ಕರದಿದ್ಲು. ದೇವ್ರನ್ನ ಬಾವ್ಯಾಗ ಹಾಕಿದ್ವಿ, ನೀ ಹೊಸ್ತಲಾ ಒಂದ ಎದ್ಯಾಗ ಇಟ್ಕೊಂಡ ಕುಂತೀದಿ."

ಅಂದು ಅವಳಿಗೂ ಸಿಟ್ಟು ಬಂದಿತ್ತು, ಅಂದಳು. ಮರುದಿನ ತಾನು ಅಂದದ್ದಕ್ಕೆ ಅತ್ತಳು. ಆದರೆ ಬಾಯಿಂದ ಬಿದ್ದ ಮಾತು ಬಿದ್ದಿತ್ತು, ಅದನ್ನು ಎತ್ತಿಕೊಂಡು ಅಂಬಾದಾಸ ಮುಂದಿನ ನಾಲ್ಕು ವರ್ಷ ಹೊತ್ತು ತಿರುಗಿದ.

ಆ ನಾಲ್ಕು ವರ್ಷದಲ್ಲಿ ವರಾಂಡದ ಚಾಪೆ ಮಡಚಿ ಮೂಲೆ ಸೇರಿತು. ರೋಗಿಯ ಭುಜ ಮುಟ್ಟಲು ಹೋದರೆ ಅವನ ಬೆರಳು ಆ ಗುಣಿಯನ್ನು ಹುಡುಕುತ್ತಿದ್ದವು. ಕಾಡಲಿಕ್ಕೆ ಅಷ್ಟೇ ಸಾಕಾಯಿತು. ಟಿಕೋಟಾದಿಂದ ಸಂಗಣ್ಣ ಎಂಬವನು ಶಂಕ್ರೆಪ್ಪನ ಹೆಸರು ಹೇಳಿಕೊಂಡು ಬಂದ. ತಾಯಿಗೆ ಲಕ್ವಾ ಹೊಡೆದಿದೆ, ಕರೆದುಕೊಂಡು ಬರುವಂತಿಲ್ಲ, ನೀನೇ ಬಾ ಎಂದು ಕಾಲು ಹಿಡಿಯುವಷ್ಟು ಬೇಡಿಕೊಂಡ.

"ನಾ ಬರಂಗಿಲ್ರಿ," ಎಂದ ಅಂಬಾದಾಸ. "ನನಗ ಅದು ಬರಂಗಿಲ್ಲ."

ಸಂಗಣ್ಣ ಒಂದು ತಾಸು ಗೇಟಿನ ಬಳಿ ಕೂತು ಹೋದ. ಆ ತಾಯಿ ಏನಾದಳೋ ಅಂಬಾದಾಸ ವಿಚಾರಿಸಲಿಲ್ಲ. ವಿಚಾರಿಸುವ ಧೈರ್ಯ ಅವನಿಗೆ ಇರಲಿಲ್ಲ.

ಒಮ್ಮೆ ಬಾಯಿಯ ಕಾಗದ ಬಂತು, ಡಾಕ್ಟರು ಓದಿ ಹೇಳಿದರು. ಅವಳ ಊರಲ್ಲಿ ಹಳೆಯದರ ಪಕ್ಕಕ್ಕೆ ಇನ್ನೊಂದು ಕಟ್ಟಡ ಎದ್ದಿದೆಯಂತೆ, ನಲವತ್ತು ಮಂಚ, ಲಕ್ವಾದವರನ್ನು ಇಳಿಸಿ ಕೈಕಾಲು ಆಡಿಸಲು ಬಿಸಿನೀರಿನ ಹೊಂಡ. ಫೋಟೋ ಇತ್ತು. ಹೊಂಡದಲ್ಲಿ ಒಬ್ಬ ಮುದುಕ ಎದೆಮಟ್ಟ ನೀರಿನಲ್ಲಿ ನಿಂತು ನಗುತ್ತಿದ್ದ, ಇಬ್ಬರು ಅವನನ್ನು ಹಿಡಿದುಕೊಂಡಿದ್ದರು. ಕೊನೆಗೆ ಅವಳು ಕೇಳಿದ್ದಳು: ನಮ್ಮ ಕೋಣೆಗೆ ಈಗ ದಿನಕ್ಕೆ ಎಷ್ಟು ಜನ ಬರುತ್ತಾರೆ ಅಂಬಾದಾಸ?

"ಏನಂತ ಬರೀಲಿ?" ಎಂದರು ಡಾಕ್ಟರು.

ಅಂಬಾದಾಸ ಫೋಟೋ ತಿರುಗಿಸಿ ಕೊಟ್ಟ. ಉತ್ತರ ಹೋಗಲಿಲ್ಲ.

ಅರವತ್ತಾರರ ಚಳಿಯಲ್ಲಿ ಒಂದು ಮುಂಜಾನೆ, ವಾರ್ಡಿನ ನೆಲ ಇನ್ನೂ ಹಸಿಯಿತ್ತು, ಬಾಗಿಲಲ್ಲಿ ಅಮರಪ್ಪ ಬಂದು ನಿಂತ. ತಲೆಗೆ ರುಮಾಲಿಲ್ಲ, ಬರಿಗಾಲು. ಮೊದಲ ಬಸ್ಸಿಗೆ ಬಂದಿದ್ದ. ಒರೆಸಿದ ನೆಲದ ಮೇಲೆ ಕಾಲಿಡಲು ಹಿಂಜರಿದು ಹೊರಗೇ ನಿಂತಿದ್ದ.

"ಹೋದ್ಲಪ್ಪಾ. ಇವತ್ತ ಬೆಳಗಿನ ಜಾವಕ್ಕ."

ಅಂಬಾದಾಸ ಹಿಂಡುತ್ತಿದ್ದ ಅರಿವೆಯನ್ನು ಬಕೆಟ್ಟಿನ ಅಂಚಿಗೆ ಹಾಕಿದ.

"ಕುಂಡ್ರಿಸೇವಿ. ಮಧ್ಯಾಹ್ನಕ್ಕ ಮಣ್ಣ ಮಾಡಬೇಕು. ಕೈ ತೆರಿವಲ್ದು." ಅಮರಪ್ಪ ತನ್ನ ಎಡಗೈ ಮುಷ್ಟಿ ಕಟ್ಟಿ ಎದೆಗೆ ಹಿಡಿದು ತೋರಿಸಿದ. "ಲಿಂಗಾ ಇಡಬೇಕಲ್ಲ ಕೈಯಾಗ. ಅದನ್ನ ಹಿಡಿಸಿ ಕಳಸಬೇಕಲ್ಲ. ಬೆರಳ ಮುರೀಬೇಕಾಗ್ತೈತಿ ಅಂದ್ರು ಮಂದಿ. ನಾ ಒಲ್ಲೆ ಅಂದೆ. ಅಯ್ಯಾರು ನಿನ್ನ ಕರಕೊಂಡ ಬಾ ಅಂದಾರ."

ಲಿಂಗವಂತರನ್ನು ಮಣ್ಣಿಗಿಡುವಾಗ ಕೂಡಿಸಿ ಇಡುತ್ತಾರೆ, ಎಡ ಅಂಗೈಯಲ್ಲಿ ಅವರ ಲಿಂಗವಿಟ್ಟು. ನಾಲ್ಕು ವರ್ಷ ಬದುಕಿದ್ದವಳಿಗೆ ಸಿಗದ ಅಂಗೈ ಈಗ ಬೇಕಾಗಿತ್ತು. ಅಂಬಾದಾಸನಿಗೆ ಮೈಯೆಲ್ಲ ಸಿಟ್ಟು ಹತ್ತಿತು. ಬರುವುದಿಲ್ಲ ಅನ್ನಬೇಕು ಎನಿಸಿತು. ಅಮರಪ್ಪನ ಬರಿಗಾಲು ನೋಡಿದ. ಕೈ ಒರೆಸಿಕೊಂಡು ಹೊರಟ.

ಬಬಲೇಶ್ವರದಲ್ಲಿ ಬಸ್ಸು ಇಳಿದು ಇಬ್ಬರೂ ಮನೆಗೆ ಬಂದರು. ಅಂಗಳದ ತುಂಬ ಜನ ಇದ್ದರು, ಭಜನೆ ನಡೆದಿತ್ತು. ಈರಯ್ಯ ಕಟ್ಟೆಯಿಂದ ಎದ್ದು ನಿಂತ. ನಾಲ್ಕು ವರ್ಷಕ್ಕೆ ಅವನೂ ಮುದುಕನಾಗಿದ್ದ.

"ಬಾ ತಮ್ಮಾ," ಎಂದ. "ಒಳಗ ಬಾ."

ಮಂದಿ ಸರಿದು ದಾರಿ ಬಿಟ್ಟರು. ಯಾರ ಪೈಕಿ ಎಂದು ಯಾರೂ ಕೇಳಲಿಲ್ಲ. ಎರಡು ಹೆಜ್ಜೆ ಕಟ್ಟೆಗೆ, ಒಂದು ಹೊಸ್ತಿಲಿಗೆ. ಅಂಬಾದಾಸ ದಾಟಿ ಒಳಗೆ ಹೋದ.

ಗುರುಬಸವ್ವ ಗೋಡೆಗೆ ಒರಗಿ ಕೂತಿದ್ದಳು, ಹಣೆ ತುಂಬ ವಿಭೂತಿ, ಕೊರಳಿಗೆ ಸೇವಂತಿ ಮಾಲೆ. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಎಡಗೈ ಎದೆಗೆ ಅಂಟಿಕೊಂಡು ಹಾಗೇ ಇತ್ತು. ಅವನು ಬಿಸಿನೀರು ಕೇಳಿದ. ಅರಿವೆ ಅದ್ದಿ ಮುಷ್ಟಿಗೆ ಸುತ್ತಿ ಕಾದ. ಆಮೇಲೆ ಮಗ್ಗುಲಲ್ಲಿ ಕೂತು ಒಂದು ಕೈಯನ್ನು ಅವಳ ಬಗಲಿಗೆ ಕೊಟ್ಟು ಭುಜ ಹೊತ್ತುಕೊಂಡ. ಸತ್ತವರ ಭುಜಕ್ಕೆ ಅದರ ಅಗತ್ಯವಿರಲಿಲ್ಲ. ಅವನಿಗೆ ಬೇರೆ ರೀತಿ ಹಿಡಿಯಲು ಬರುತ್ತಿರಲಿಲ್ಲ.

ಏಕ. ದೋನ. ತೀನ. ತುಟಿಯಲ್ಲೇ ಎಣಿಸಿದ. ಮಣಿಕಟ್ಟು ತುಸು ಬಂತು. ಹೆಬ್ಬೆರಳು ಬಂತು. ಎರಡು ಬೆರಳು ಬಂದವು, ಇನ್ನೆರಡು ಅರ್ಧಕ್ಕೆ ನಿಂತವು. ಅಂಗೈಯಲ್ಲಿ ನಾಲ್ಕು ಉಗುರು ನಾಟಿದ ನಾಲ್ಕು ಹುಣ್ಣುಗಳಿದ್ದವು, ಹಳೆಯವು, ಒಂದರ ಮೇಲೊಂದು ಆದವು. ಅವನ್ನು ಅರಿವೆಯ ತುದಿಯಿಂದ ಒರೆಸಿದ. ದಹಾ ಎನ್ನುವಷ್ಟರಲ್ಲಿ ಲಿಂಗ ಕೂಡುವಷ್ಟು ಜಾಗ ಆಗಿತ್ತು. ಈರಯ್ಯ ಬಗ್ಗಿ ಲಿಂಗವನ್ನು ಅಲ್ಲಿಟ್ಟ. ಅದು ಅಲ್ಲೇ ನಿಂತಿತು.

ಅಂಬಾದಾಸ ಬಗಲಿಗೆ ಕೊಟ್ಟ ಕೈ ತೆಗೆಯದೆ ಕೂತಿದ್ದ. ಅಮರಪ್ಪ ಎದುರಿಗೆ ಮೊಳಕಾಲೂರಿ ಕೂತಿದ್ದ, ಲಿಂಗವನ್ನು ನೋಡುತ್ತಿರಲಿಲ್ಲ, ಆ ಕೈಯನ್ನೇ ನೋಡುತ್ತಿದ್ದ.

"ಹಿಂಗೇನು?" ಎಂದ. "ಬಗಲಿಗೆ ಕೈ ಕೊಡೂದಂದ್ರ ಹಿಂಗೇನು?"

"ಹೂಂನ್ರಿ. ಹಿಂಗ."

ಅಮರಪ್ಪ ಸರಿದು ಬಂದು ಅಂಬಾದಾಸನ ಕೈ ಇದ್ದಲ್ಲಿ ತನ್ನ ಕೈ ಇಟ್ಟು, ಹೆಂಡತಿಯ ಭುಜವನ್ನು ಮೆಲ್ಲಗೆ ಹೊತ್ತುಕೊಂಡು, ಸರಿ ಇದೆಯೇ ಎಂದು ಕೇಳುವವನ ಹಾಗೆ ಅವನ ಮುಖ ನೋಡಿದ. ಸರಿಯಾಗಿಯೇ ಹಿಡಿದಿದ್ದ.